ಮತ್ಸ್ಯಕನ್ಯೆಯ ನಾಲಗೆ, ಶಾಂತವ್ವೆಯ ಹೆಸರು

1837ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಕೋಪನ್‌ಹೇಗನ್ ನಗರದಲ್ಲಿ ಮಕ್ಕಳಿಗಾಗಿ ಅಚ್ಚಾದ ಒಂದು ತೆಳುವಾದ ಪುಸ್ತಿಕೆಯಲ್ಲಿ ಎರಡೇ ಕಥೆಗಳಿದ್ದುವು. ಒಂದು, ಮೈಮೇಲೆ ಬಟ್ಟೆಯಿಲ್ಲದೆ ಮೆರವಣಿಗೆ ಹೊರಟ ಚಕ್ರವರ್ತಿಯದು; ಇನ್ನೊಂದು, ಕಡಲಿನ ತಳದ ಅರಮನೆಯಿಂದ ಮೇಲೆದ್ದು ಬಂದ ಕಿರಿಯ ಮತ್ಸ್ಯಕನ್ಯೆಯದು. ಮೊದಲನೆಯ ಕಥೆ ಗಾದೆಯ ಮಾತಿನಂತೆ ಲೋಕದ ಬಾಯಿಗೆ ಸೇರಿತು. ಅದನ್ನು ಯಾರೂ ತಿದ್ದಲು ಹೋಗಲಿಲ್ಲ. ಎರಡನೆಯದರ ಪಾಡು ಬೇರೆ. ಅದನ್ನು ಓದಿದವರಲ್ಲಿ ಬಹು ಮಂದಿಗೆ ಅದನ್ನು ತಿದ್ದಬೇಕೆಂಬ ಆಸೆ ಹುಟ್ಟಿತು. ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ನನ ಈ ಕಥೆಯನ್ನು ಮತ್ತೆ ಮತ್ತೆ ಹೇಳಿದವರ ಸಾಲು ಇಂದಿಗೂ ಮುಗಿದಿಲ್ಲ. ಈಚಿನ ವರ್ಷಗಳಲ್ಲಂತೂ ಹದಿಹರೆಯದ ವಾಚಕರಿಗಾಗಿ ಬರೆದ ಅದ್ಭುತ ಕಾದಂಬರಿಗಳಲ್ಲಿ ಅದು ನೆಚ್ಚಿನ ವಸ್ತುವಾಗಿದೆ.

ಈ ಪುನಃಕಥನಗಳು ಯಾವ ಬಗೆಯವು, ಮೂಲದಲ್ಲಿ ಏನನ್ನು ತಿದ್ದುತ್ತವೆ ಎಂಬುದನ್ನು ಮೊದಲು ವಿಚಾರಿಸಿ, ಅನಂತರ ನಮ್ಮ ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಐತಿಹ್ಯವನ್ನು ಅದರ ಪಕ್ಕದಲ್ಲಿ ಇರಿಸಿ ನೋಡುವುದು ಈ ಲೇಖನದ ಉದ್ದೇಶ. ಡೆನ್ಮಾರ್ಕಿನ ಕಡಲಿಗೂ ಚನ್ನಗಿರಿಯ ಕೆರೆಗೂ ಏನು ನಂಟು ಎಂದು ಯಾರಾದರೂ ಕೇಳಬಹುದು. ಒಂದರಿಂದ ಇನ್ನೊಂದು ಹುಟ್ಟಿತೆಂದು ನಾವು ಹೇಳುತ್ತಿಲ್ಲ. ಹಾಗೆ ಹೇಳುವುದು ಹುಚ್ಚುತನವಾದೀತು. ಆದರೆ ಎರಡರಲ್ಲಿಯೂ ಒಬ್ಬ ಅರಸನ ಮಗಳಿದ್ದಾಳೆ. ಅವಳ ಮನಸ್ಸು ತನ್ನ ಲೋಕಕ್ಕೆ ಸೇರದ ಒಬ್ಬನ ಮೇಲೆ ಹೋಗುತ್ತದೆ. ಅದಕ್ಕಾಗಿ ಅವಳು ಬೆಲೆ ತೆರುತ್ತಾಳೆ. ಅಲ್ಲಿಯವಳು ತೆತ್ತುದು ನಾಲಗೆಯನ್ನು, ಇಲ್ಲಿಯವಳು ತೆತ್ತುದು ಹೆಸರನ್ನು.

ಚಲನಚಿತ್ರಗಳ ಮೂಲಕವೇ ಕಥೆಯನ್ನು ಬಲ್ಲವರಿಗಾಗಿ ಮೂಲದ ಸಂವಿಧಾನವನ್ನು ಇಲ್ಲಿ ನೆನಪಿಸುವುದು ಅವಶ್ಯ. ಕಡಲರಸನಿಗೆ ಆರು ಮಂದಿ ಹೆಣ್ಣುಮಕ್ಕಳು. ಹದಿನೈದು ವರ್ಷ ತುಂಬಿದವಳಿಗೆ ಮಾತ್ರ ನೀರಿನ ಮೇಲೆ ಬಂದು ಲೋಕವನ್ನು ನೋಡುವ ಅಪ್ಪಣೆ. ಕಿರಿಯವಳು ತನ್ನ ಸರದಿ ಬಂದ ದಿನವೇ ಬಿರುಗಾಳಿಗೆ ಸಿಕ್ಕಿ ಒಡೆದ ಹಡಗಿನಿಂದ ಒಬ್ಬ ರಾಜಕುಮಾರನನ್ನು ಬದುಕಿಸಿ ದಡಕ್ಕೆ ಸೇರಿಸುತ್ತಾಳೆ. ಕಣ್ತೆರೆದ ರಾಜಕುಮಾರ ಅಲ್ಲಿಗೆ ಬಂದ ಬೇರೊಬ್ಬ ಹುಡುಗಿಯನ್ನು ನೋಡುತ್ತಾನೆಯೇ ಹೊರತು ಇವಳನ್ನಲ್ಲ. ಜಲವಾಸಿಗಳಿಗೆ ಮುನ್ನೂರು ವರ್ಷದ ಆಯುಸ್ಸುಂಟು, ಆದರೆ ಅಮರವಾದ ಆತ್ಮವಿಲ್ಲ, ಸತ್ತರೆ ಬರಿಯ ನೊರೆಯಾಗುತ್ತಾರೆ ಎಂದು ಅಜ್ಜಿ ಅವಳಿಗೆ ತಿಳಿಸುತ್ತಾಳೆ. ಮನುಷ್ಯನೊಬ್ಬನು ಮನಸಾರ ಪ್ರೀತಿಸಿ ಕೈಹಿಡಿದರೆ ಅವನ ಆತ್ಮದಲ್ಲಿ ಪಾಲು ದೊರೆಯುತ್ತದೆ. ಹುಡುಗಿ ಕಡಲ ಮಾಟಗಾತಿಯ ಬಳಿಗೆ ಹೋಗಿ, ನಾಲಗೆಯನ್ನು ಕೊಟ್ಟು ಕಾಲುಗಳನ್ನು ಪಡೆಯುತ್ತಾಳೆ. ಇಡುವ ಒಂದೊಂದು ಹೆಜ್ಜೆಯೂ ಕತ್ತಿಯ ಅಲಗಿನ ಮೇಲೆ ನಡೆದಂತೆ. ರಾಜಕುಮಾರ ಅವಳನ್ನು ಮುದ್ದಿನಿಂದ ನೋಡಿಕೊಳ್ಳುತ್ತಾನೆ. ಮದುವೆಯಾಗುವುದು ಮಾತ್ರ ತನ್ನನ್ನು ಬದುಕಿಸಿದವಳೆಂದು ಅವನು ಭ್ರಮಿಸಿದ ಇನ್ನೊಬ್ಬ ರಾಜಕುಮಾರಿಯನ್ನು. ಅಕ್ಕಂದಿರು ತಮ್ಮ ಕೂದಲನ್ನು ಮಾಟಗಾತಿಗೆ ಕೊಟ್ಟು ಒಂದು ಕತ್ತಿಯನ್ನು ತಂದುಕೊಡುತ್ತಾರೆ: ಅವನ ಎದೆಗೆ ಇರಿದರೆ ಮರಳಿ ಕಡಲಿನ ಮಗಳಾಗಬಹುದು. ಅವಳು ಇರಿಯುವುದಿಲ್ಲ, ಕತ್ತಿಯನ್ನು ಅಲೆಗಳಿಗೆ ಎಸೆದು ತಾನೂ ಹಾರುತ್ತಾಳೆ. ನೊರೆಯಾಗುವ ಬದಲು ಗಾಳಿಯ ಪುತ್ರಿಯರ ಸಾಲಿಗೆ ಸೇರುತ್ತಾಳೆ. ಮುನ್ನೂರು ವರ್ಷ ಒಳಿತನ್ನು ಮಾಡಿದರೆ ಆತ್ಮವನ್ನು ತಾನೇ ಗಳಿಸಬಹುದು.

ಇಲ್ಲಿ ಒಂದು ಸಂಗತಿಯನ್ನು ವಾಚಕರು ಗಮನಿಸಬೇಕೆಂದು ನಮ್ಮ ಬಿನ್ನಹ. ಮಾಟಗಾತಿ ಮೂಲದಲ್ಲಿ ಕಳ್ಳಿಯಲ್ಲ. ಅವಳು ಬೆಲೆಯನ್ನು ಮೊದಲೇ ಹೇಳುತ್ತಾಳೆ. ಇದು ಮೂರ್ಖತನವೆಂದೂ ಎಚ್ಚರಿಸುತ್ತಾಳೆ. ಮದ್ದನ್ನು ಕುದಿಸುವಾಗ ತನ್ನ ಎದೆಯನ್ನೇ ಗೀರಿಕೊಂಡು ಅದರೊಳಕ್ಕೆ ತನ್ನ ರಕ್ತವನ್ನು ತೊಟ್ಟಿಕ್ಕಿಸುತ್ತಾಳೆ. ಅವಳದು ಕ್ರೂರವಾದ ವ್ಯಾಪಾರವಾದರೂ ಮೋಸದ ವ್ಯಾಪಾರವಲ್ಲ. ಈ ಕಥೆಯಲ್ಲಿ ಸುಳ್ಳು ಹೇಳುವವರು ಯಾರೂ ಇಲ್ಲ. ಹೇಳಲಾರದವಳು ಒಬ್ಬಳಿದ್ದಾಳೆ, ಅಷ್ಟೆ.

ಆಂಡರ್ಸನ್ನನೂ ಒಂದು ಬಗೆಯಲ್ಲಿ ಪುನಃಕಥನಕಾರನೇ. ನೀರಿನ ಜೀವಿಗಳಿಗೆ ಆತ್ಮವಿಲ್ಲ, ಮನುಷ್ಯನನ್ನು ವರಿಸಿದರೆ ದೊರೆಯುತ್ತದೆ ಎಂಬ ಕಲ್ಪನೆ ಹದಿನಾರನೆಯ ಶತಮಾನದ ವೈದ್ಯ ಪ್ಯಾರಸೆಲ್ಸಸ್ಸನ ಬರಹದಲ್ಲಿದೆ; ಅದನ್ನು ಹಿಡಿದು ಜರ್ಮನ್ ಲೇಖಕ ಫೂಕೆ 1811ರಲ್ಲಿ ‘ಉಂಡೀನೆ’ಯನ್ನು ಬರೆದನು. ಆಂಡರ್ಸನ್ನನಿಗೆ ಅದು ಒಪ್ಪಿಗೆಯಾಗಲಿಲ್ಲ. ತನ್ನ ನಾಯಕಿಯ ಆತ್ಮವು ಇನ್ನೊಬ್ಬನ ಪ್ರೀತಿಯೆಂಬ ಆಕಸ್ಮಿಕಕ್ಕೆ ಒಳಪಡುವುದು ಸರಿಯಲ್ಲವೆಂಬ ಅಭಿಪ್ರಾಯವನ್ನು ಅವನು 1837ರಲ್ಲಿ ಗೆಳೆಯ ಇಂಗೆಮನ್ನನಿಗೆ ಬರೆದ ಪತ್ರದಲ್ಲಿ ತಿಳಿಸಿದ್ದಾನೆ. ಗಾಳಿಯ ಪುತ್ರಿಯರ ಕೊನೆ ಹುಟ್ಟಿದುದು ಹಾಗೆ. ಬಹು ಮಂದಿ ವಿಮರ್ಶಕರು ಅಂಟಿಸಿದ್ದೆಂದು ಹಳಿಯುವ ಈ ಕೊನೆಯೇ ಕರ್ತೃವಿನ ದೃಷ್ಟಿಯಲ್ಲಿ ಕಥೆಯ ತಿರುಳು. ಆದರೆ ಅದರ ಕಡೆಯ ವಾಕ್ಯಗಳು ನಮಗೂ ರುಚಿಸುವುದಿಲ್ಲ. ಒಳ್ಳೆಯ ಮಗುವನ್ನು ಕಂಡರೆ ಅವಳ ಕಾಯುವ ಕಾಲದಲ್ಲಿ ಒಂದು ವರ್ಷ ಕಡಿಮೆಯಾಗುತ್ತದೆ, ತುಂಟ ಮಗುವನ್ನು ಕಂಡು ಅತ್ತರೆ ಒಂದೊಂದು ಕಣ್ಣೀರಿಗೆ ಒಂದೊಂದು ದಿನ ಹೆಚ್ಚುತ್ತದೆ ಎಂಬ ಲೆಕ್ಕಾಚಾರ ಮಕ್ಕಳನ್ನು ಹೆದರಿಸುವ ದಾದಿಯ ಮಾತು.

ತರುವಾಯ ಬಂದವರಲ್ಲಿ ಒಬ್ಬೊಬ್ಬರು ಒಂದೊಂದು ಕಡೆಯಿಂದ ಕಥೆಯನ್ನು ಹಿಡಿದರು. ಆಸ್ಕರ್ ವೈಲ್ಡನು 1891ರಲ್ಲಿ ಬೆಸ್ತನೊಬ್ಬನು ಮತ್ಸ್ಯಕನ್ಯೆಗಾಗಿ ತನ್ನ ಆತ್ಮವನ್ನೇ ಕಳಚಿ ಎಸೆಯುವಂತೆ ಕಥೆಯನ್ನು ತಿರುಗಿಸಿದನು. ಡ್ವೊರ್ಷಾಕನ ‘ರುಸಾಲ್ಕ’ ಎಂಬ ಗೀತನಾಟಕ 1901ರಲ್ಲಿ ರಂಗವೇರಿತು. ಹಾಡಬೇಕಾದ ನಾಯಕಿಯೇ ಮನುಷ್ಯರ ಮುಂದೆ ಮೂಕಳಾಗಿ ನಿಲ್ಲುವ ವಿಚಿತ್ರ ಅದರಲ್ಲಿದೆ. 1989ರ ಡಿಸ್ನಿ ಚಿತ್ರವು ಆತ್ಮದ ಪ್ರಶ್ನೆಯನ್ನೇ ಕೈಬಿಟ್ಟು, ಮಾಟಗಾತಿಯನ್ನು ಕಪಟಿಯನ್ನಾಗಿ ಮಾಡಿ, ಅವಳನ್ನು ಕೊಲ್ಲಿಸಿ, ಮದುವೆಯಲ್ಲಿ ಮುಗಿಸಿತು. ಹುಡುಗಿಗೆ ದನಿ ಮರಳಿತು ನಿಜ. ಅದಕ್ಕಾಗಿ ಇನ್ನೊಬ್ಬ ಹೆಂಗಸು ಖಳಳಾಗಬೇಕಾಯಿತು.

ಹದಿಹರೆಯದವರಿಗಾಗಿ ಬರೆಯುವ ಕಾದಂಬರಿಗೆ ಕನ್ನಡದಲ್ಲಿ ಇನ್ನೂ ನೆಲೆಗೊಂಡ ಹೆಸರಿಲ್ಲ. ಕಿಶೋರ ಸಾಹಿತ್ಯವೆಂದು ಕೆಲವರು ಕರೆಯುತ್ತಾರೆ. ಆ ಮಾತು ಕಿವಿಗೆ ಸ್ವಲ್ಪ ಎಳೆಯದಾಗಿ ಕೇಳಿಸುತ್ತದೆ. ಮಗುವೂ ಅಲ್ಲದ ಗೃಹಸ್ಥರೂ ಅಲ್ಲದ ವಯಸ್ಸು ಅದು. ನಮ್ಮ ಹಳ್ಳಿಗಳಲ್ಲಿ ಹೆಣ್ಣುಮಕ್ಕಳಿಗೆ ಈ ವಯಸ್ಸು ಬಹಳ ಕಾಲ ಇರಲೇ ಇಲ್ಲ. ಲಂಗದಿಂದ ನೇರವಾಗಿ ಸೆರಗಿಗೆ ಬರುತ್ತಿದ್ದರು. ಆಂಡರ್ಸನ್ನನ ನಾಯಕಿಗೆ ಹದಿನೈದು ವರ್ಷವೆಂಬುದು ಆಕಸ್ಮಿಕವಲ್ಲ. ಮನೆಯನ್ನು ಬಿಟ್ಟು ಹೋಗುವುದು, ಮೈ ಬದಲಾಗುವುದು, ಬದಲಾದ ಮೈ ನೋಯುವುದು, ಹೇಳಬೇಕಾದುದನ್ನು ಹೇಳಲಾರದೆ ನಿಲ್ಲುವುದು: ಇವೆಲ್ಲ ಆ ವಯಸ್ಸಿನ ಅನುಭವಗಳೇ. ಆದುದರಿಂದ ಈ ವಾಚಕವರ್ಗ ರೂಪುಗೊಂಡ ಕೂಡಲೆ ಲೇಖಕರು ಈ ಕಥೆಯತ್ತ ತಿರುಗಿದುದು ಸಹಜ.

2018ರ ಒಂದೇ ವರ್ಷದಲ್ಲಿ ಇಂಗ್ಲಿಷಿನಲ್ಲಿ ಇಂತಹ ಮೂರು ಕಾದಂಬರಿಗಳು ಹೊರಬಂದುವು. ಅಲೆಕ್ಸಾಂಡ್ರ ಕ್ರಿಸ್ಟೊ ಅವರ ‘ಟು ಕಿಲ್ ಎ ಕಿಂಗ್‌ಡಮ್’ ಎಂಬುದರಲ್ಲಿ ನಾಯಕಿ ರಾಜಕುಮಾರರ ಹೃದಯಗಳನ್ನು ಕಿತ್ತು ಕೂಡಿಡುವ ಕಡಲಹೆಣ್ಣು. ತಾಯಿಯಾದ ಕಡಲರಾಣಿಯೇ ಅವಳನ್ನು ಮನುಷ್ಯರೂಪಕ್ಕೆ ಇಳಿಸುತ್ತಾಳೆ. ಮೂಲದಲ್ಲಿ ಎಸೆದ ಕತ್ತಿಯನ್ನು ಇಲ್ಲಿಯವಳು ಮೊದಲಿನಿಂದಲೇ ಹಿಡಿದಿದ್ದಾಳೆ ಎನ್ನಬಹುದು. ಐರ್ಲೆಂಡಿನ ಲೂಯಿಸ್ ಓನೀಲ್ ಅವರ ‘ದಿ ಸರ್ಫೇಸ್ ಬ್ರೇಕ್ಸ್’ ಆಂಡರ್ಸನ್ನನ ದಾರಿಯನ್ನು ಹೆಚ್ಚಾಗಿ ಬಿಡದೆ ನಡೆದು, ತಂದೆಯ ಆಳ್ವಿಕೆಯ ದಬ್ಬಾಳಿಕೆಯನ್ನು ಮುಂದಕ್ಕೆ ತಂದು ನಿಲ್ಲಿಸುತ್ತದೆ. ಸಾರಾ ಹೆನಿಂಗ್ ಅವರ ‘ಸೀ ವಿಚ್’ ನಮ್ಮ ವಿಚಾರಕ್ಕೆ ಹೆಚ್ಚು ಉಪಯುಕ್ತವಾದುದು. ಅಲ್ಲಿ ನಾಯಕಿ ಮತ್ಸ್ಯಕನ್ಯೆಯಲ್ಲ. ಮುಂದೆ ಮಾಟಗಾತಿಯಾಗಲಿರುವ ಹುಡುಗಿ, ನೀರಿನಲ್ಲಿ ಗೆಳತಿಯನ್ನು ಕಳೆದುಕೊಂಡವಳು. ಚಲನಚಿತ್ರ ಖಳಳನ್ನಾಗಿ ಮಾಡಿದವಳ ಲೆಕ್ಕವನ್ನು ಈ ಕಾದಂಬರಿ ಮತ್ತೆ ತೆರೆಯುತ್ತದೆ.

ಇವುಗಳಿಗಿಂತ ದೂರ ಹೋದುದು 2021ರಲ್ಲಿ ಪ್ರಕಟವಾದ, ನಟಾಶಾ ಬೋವೆನ್ ಅವರ ‘ಸ್ಕಿನ್ ಆಫ್ ದಿ ಸೀ’. ಇದರ ಕಡಲು ಪಶ್ಚಿಮ ಆಫ್ರಿಕದ್ದು. ಇದರ ಅಧಿದೇವತೆ ಯೊರುಬಾ ಜನರ ಯೆಮೋಜ. ಸಿಮಿ ಎಂಬ ನಾಯಕಿ, ಗುಲಾಮರನ್ನು ಸಾಗಿಸುವ ಹಡಗುಗಳಿಂದ ಕಡಲಿಗೆ ಬಿದ್ದು ಸತ್ತವರ ಆತ್ಮಗಳನ್ನು ಸಂಗ್ರಹಿಸಿ ಅವರ ನೆಲೆಗೆ ಕಳುಹಿಸುವ ಕೆಲಸದವಳು. ಒಂದು ದಿನ, ಎಸೆಯಲ್ಪಟ್ಟವನು ಇನ್ನೂ ಬದುಕಿದ್ದಾನೆಂದು ಕಂಡು, ಕಟ್ಟಳೆಯನ್ನು ಮುರಿದು ಅವನನ್ನು ಉಳಿಸುತ್ತಾಳೆ. ಆತ್ಮವಿಲ್ಲದ ಮತ್ಸ್ಯಕನ್ಯೆ ಇಲ್ಲಿ ಆತ್ಮಗಳನ್ನು ಕಾಯುವವಳಾಗಿದ್ದಾಳೆ. ಹಡಗು, ಮುಳುಗುವವನು, ಉಳಿಸುವವಳು, ತೆರಬೇಕಾದ ಬೆಲೆ, ಎಲ್ಲವೂ ಆಂಡರ್ಸನ್ನನಲ್ಲಿ ಇದ್ದುವೇ. ಆದರೆ ಹಡಗು ಎಂದೊಡನೆ ಆ ನಾಡಿನ ಜನಕ್ಕೆ ಏನು ನೆನಪಾಗುತ್ತದೆಯೋ ಅದನ್ನು ಲೇಖಕಿ ಬಿಡಲಿಲ್ಲ. ಕಥೆಯನ್ನು ಇನ್ನೊಂದು ನಾಡಿಗೆ ಒಯ್ಯುವುದೆಂದರೆ ಉಡುಪನ್ನು ಬದಲಾಯಿಸುವುದಲ್ಲ, ಆ ನಾಡಿನ ನೀರಿಗೆ ಯಾವ ನೆನಪಿದೆಯೆಂದು ಕೇಳುವುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾವು ಕಾಣೆವು.

ಕನ್ನಡಕ್ಕೆ ಇದು ಹೊಸ ವಿದ್ಯೆಯೇನಲ್ಲ. ಜರ್ಮನಿಯ ಹ್ಯಾಮೆಲಿನ್ ಪಟ್ಟಣದ ಐತಿಹ್ಯವನ್ನು ಬ್ರೌನಿಂಗ್ ಕವಿ 1842ರಲ್ಲಿ ಇಂಗ್ಲಿಷಿಗೆ ತಂದನು. ಅದನ್ನು ಕುವೆಂಪು ಅವರು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಾಗಿ ತುಂಗೆಯ ದಡಕ್ಕೆ ತಂದರು. ಅದನ್ನು ಓದುವ ಮಗುವಿಗೆ ಇಲಿಗಳೂ ನಮ್ಮವೇ, ಗೌಡನೂ ನಮ್ಮವನೇ. ಆ ತುಂಗೆಯೇ ಕೂಡಲಿಯಲ್ಲಿ ಭದ್ರೆಯನ್ನು ಸೇರಿ, ತುಂಗಭದ್ರೆಯಾಗಿ ನ್ಯಾಮತಿ, ಹೊನ್ನಾಳಿಗಳ ಸೀಮೆಗೆ ಇಳಿದುಬರುತ್ತಾಳೆ. ಬೊಮ್ಮನಹಳ್ಳಿಯ ಇಲಿಗಳು ಕೊಚ್ಚಿಹೋದ ನೀರು ಹೊನ್ನಾಳಿಯ ಸೇತುವೆಯ ಕೆಳಗೆ ಹಾದಿರಲೇಬೇಕು ಎಂದು ವಿನೋದಕ್ಕೆ ಹೇಳಬಹುದು. ಆದರೆ ಮತ್ಸ್ಯಕನ್ಯೆಗೆ ಅಂತಹ ಯೋಗ ಕನ್ನಡದಲ್ಲಿ ಕೂಡಿಬರಲಿಲ್ಲ. ಆ ಮಾತೇ ಪುಸ್ತಕದ ಮಾತು. ಅರ್ಧ ಮೀನು ಅರ್ಧ ಹೆಣ್ಣಾದ ಜೀವಿಯನ್ನು ಒಳನಾಡಿನ ನಮ್ಮ ಜನ ಅಷ್ಟಾಗಿ ಕಲ್ಪಿಸಿಕೊಂಡವರಲ್ಲ. ಅವರ ನೀರಿನಲ್ಲಿ ಇರುವವಳು ಗಂಗಮ್ಮ, ಇಲ್ಲವೆ ಕೆರೆಯ ಏರಿಯ ಬುಡದಲ್ಲಿ ಸಾಲಾಗಿ ನಿಲ್ಲಿಸಿದ ಏಳು ಕಲ್ಲುಗಳಾಗಿ ಪೂಜೆಗೊಳ್ಳುವ ಏಳು ಮಂದಿ ಅಕ್ಕಂದಿರು. ಆದುದರಿಂದ ಕನ್ನಡದಲ್ಲಿ ಈ ಕಥೆಯನ್ನು ಮತ್ತೆ ಹೇಳಲಿರುವವನು ಮೀನಿನ ಬಾಲವನ್ನು ಹುಡುಕಿ ಕಡಲಿಗೆ ಹೋಗುವುದಕ್ಕಿಂತ ಕೆರೆಯ ಬಳಿಗೆ ಹೋಗುವುದು ಮೇಲು.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಕರ್ಣಾಟಕದ ಹಳೆಯ ಕೆರೆಗಳಲ್ಲಿ ಅತ್ಯಂತ ದೊಡ್ಡವುಗಳ ಸಾಲಿಗೆ ಸೇರಿದುದು. ನೀರಿನ ಹರವು ಸುಮಾರು 2,650 ಹೆಕ್ಟೇರು. ಸುತ್ತಳತೆ ಸುಮಾರು 30 ಕಿಲೋಮೀಟರು. ಇಷ್ಟು ನೀರನ್ನು ತಡೆದಿರುವ ಏರಿ ಉದ್ದದಲ್ಲಿ ಬಹು ಚಿಕ್ಕದು, ಸುಮಾರು 950 ಅಡಿ. ಎರಡು ಗುಡ್ಡಗಳ ನಡುವಣ ಇಕ್ಕಟ್ಟಿನಲ್ಲಿ ಹರಿದ್ರಾ ಎಂಬ ಹಳ್ಳವು ನುಸುಳಿ ಹೋಗುತ್ತಿದ್ದ ಕಂಡಿಯನ್ನು ಕಂಡು, ಅಲ್ಲಿಯೇ ಅಗಲವೂ ಎತ್ತರವೂ ಆದ ಕಟ್ಟೆಯನ್ನು ಹಾಕಿದವರ ಕಣ್ಣು ಸಾಮಾನ್ಯವಾದುದಲ್ಲ. ಹಳ್ಳವು ಮುಂದೆ ಹರಿಹರದ ಬಳಿ ತುಂಗಭದ್ರೆಯನ್ನು ಕೂಡುತ್ತದೆ. ಏರಿಗೆ ಸಿದ್ಧ, ಬಸವ ಎಂಬ ಹೆಸರಿನ ಎರಡು ತೂಬುಗಳುಂಟು. ಈ ಕೆರೆಯ ನೀರನ್ನು ಚಿತ್ರದುರ್ಗದ ಕಡೆಗೆ ಕುಡಿಯಲು ಕೂಡ ಒಯ್ದಿದ್ದಾರೆ.

ಲೂಯಿಸ್ ರೈಸ್ ಅವರ ಮೈಸೂರು ಗೆಜೆಟಿಯರು ಮೊದಲಾದ ಬರಹಗಳಲ್ಲಿ ದೊರೆಯುವ ಐತಿಹ್ಯ ಚಿಕ್ಕದು. ಹನ್ನೊಂದನೆಯ ಅಥವಾ ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ಒಬ್ಬ ಅರಸನ ಊರಿತ್ತು. ಅವನ ಮಗಳು ಶಾಂತವ್ವೆ. ಅವಳಿಗೆ ಒಬ್ಬ ದೇವಾಂಶಪುರುಷನ ಸಂಬಂಧವಾಯಿತು. ಆ ತಪ್ಪಿಗೆ ಪ್ರಾಯಶ್ಚಿತ್ತವಾಗಿ ಅವಳು ತಂದೆಯ ಊರಿದ್ದ ನೆಲದಲ್ಲಿಯೇ ಕೆರೆಯನ್ನು ಕಟ್ಟಿಸಿದಳು. ತಂದೆಯಾದರೋ ಮಗಳು ಮಾನಗೆಟ್ಟಳೆಂದು ಅವಳನ್ನೂ ಅವಳ ಕೆಲಸವನ್ನೂ ಶಪಿಸಿ, ಇದು ಸೂಳೆಯ ಕೆರೆ ಎಂದನು. ಜನರ ಬಾಯಲ್ಲಿರುವ ಪಾಠ ಇದಕ್ಕಿಂತ ಹಿಗ್ಗಿದೆ. ಅರಸನಿಗೆ ವಿಕ್ರಮರಾಯನೆಂದು ಹೆಸರು, ಊರಿಗೆ ಸ್ವರ್ಗಾವತಿಯೆಂದು ಹೆಸರು, ಹುಡುಗಿಯ ಮನಸ್ಸು ಸಿದ್ಧೇಶ್ವರನೆಂಬುವನಲ್ಲಿ. ತಂದೆಯು ಆಡಿದ ಬಿರುನುಡಿಯ ಕಳಂಕವನ್ನು ತೊಳೆಯಲೆಂದು ಅವಳು ಕೆರೆಗೆ ಮನಸ್ಸು ಮಾಡುತ್ತಾಳೆ. ಆದರೆ ಕೆರೆಗೆ ತಕ್ಕ ಜಾಗದಲ್ಲಿ ಸೂಳೆಯರ ಮನೆಗಳಿದ್ದುವು. ಅವರು ನೆಲವನ್ನು ಬಿಟ್ಟುಕೊಡಲು ಒಪ್ಪಿದರು, ಒಂದು ಕರಾರಿನ ಮೇಲೆ: ಕೆರೆಗೆ ತಮ್ಮ ಹೆಸರಿರಬೇಕು.

ಈ ಎರಡು ಪಾಠಗಳನ್ನು ಬೆರಸಿ ಒಂದೇ ಕಥೆಯಂತೆ ಹೇಳುವುದು ವಾಡಿಕೆ. ಬೆರಸಿದರೆ ಒಂದು ಮುಖ್ಯವಾದ ವ್ಯತ್ಯಾಸ ಕಣ್ಮರೆಯಾಗುತ್ತದೆ. ಮೊದಲನೆಯ ಪಾಠದಲ್ಲಿ ಕೆರೆಯ ಹೆಸರು ತಂದೆಯ ಬೈಗುಳು; ಎರಡನೆಯದರಲ್ಲಿ ಅದೇ ಹೆಸರು ಒಂದು ಒಪ್ಪಂದ. ಮೊದಲನೆಯದರಲ್ಲಿ ಸೂಳೆಯರು ಇಲ್ಲವೇ ಇಲ್ಲ, ಆ ಮಾತು ಬರಿಯ ನಿಂದೆ; ಎರಡನೆಯದರಲ್ಲಿ ಅವರು ಮನೆಮಾರುಗಳುಳ್ಳವರು, ನೆಲದ ಒಡತಿಯರು, ಬೆಲೆಯನ್ನು ಹೇಳಬಲ್ಲವರು. ಆಂಡರ್ಸನ್ನನ ಮಾಟಗಾತಿಯಂತೆ ಅವರೂ ಬೆಲೆಯನ್ನು ಮೊದಲೇ ಹೇಳುತ್ತಾರೆ, ಮೋಸವಿಲ್ಲ. ಮಾಟಗಾತಿ ಮದ್ದಿಗೆ ತನ್ನ ರಕ್ತವನ್ನು ಬೆರಸಿದಂತೆ ಇವರು ಕೆರೆಗೆ ತಮ್ಮ ಮನೆಗಳನ್ನು ಬೆರಸಿದ್ದಾರೆ. ರಾಜಪುತ್ರಿಯ ನಾಲಗೆಯ ಬದಲು ರಾಜಪುತ್ರಿಯ ಹೆಸರು. ನಮಗೆ ಈ ಎರಡನೆಯ ಪಾಠವೇ ಕಥೆಯಾಗಿ ಮೇಲೆನಿಸುತ್ತದೆ. ಇತಿಹಾಸವಾಗಿ ಯಾವುದು ನಿಲ್ಲುತ್ತದೆ ಎಂಬುದು ಬೇರೆ ಪ್ರಶ್ನೆ. ಸೂಳೆಕೆರೆಯೆಂಬ ಹೆಸರು ಮಂಡ್ಯ ಜಿಲ್ಲೆಯಲ್ಲಿಯೂ ಉಂಟು ಎಂಬುದನ್ನು ನೆನೆದರೆ, ಹೀಗೆ ಹೆಸರಾದ ಪ್ರತಿಯೊಂದು ಕೆರೆಗೂ ಒಬ್ಬ ಅರಸನ ಶಾಪವನ್ನು ಹುಡುಕಬೇಕಾಗಿಲ್ಲ.

ಇಂದು ಈ ಕೆರೆಗೆ ಶಾಂತಿಸಾಗರವೆಂಬ ಹೆಸರೂ ಬಳಕೆಯಲ್ಲಿದೆ. ಹೇಳಲು ಸಂಕೋಚವಾಗುವ ಮಾತನ್ನು ಬಿಟ್ಟು, ಕಟ್ಟಿಸಿದವಳ ನೆನಪನ್ನು ಉಳಿಸಬೇಕೆಂಬ ಸದುದ್ದೇಶವನ್ನು ನಾವು ಅಲ್ಲಗಳೆಯುವುದಿಲ್ಲ. ಹಾಗೆ ನೋಡಿದರೆ ಈ ಹೊಸ ಹೆಸರೇ ಒಂದು ಪುನಃಕಥನ. ಮತ್ಸ್ಯಕನ್ಯೆಗೆ ದನಿಯನ್ನು ಮರಳಿಸಿದವರು ಮಾಡಿದ ಕೆಲಸವನ್ನೇ ಇದೂ ಮಾಡಿದೆ. ಆದರೆ ಎರಡು ತೊಡಕುಗಳಿವೆ. ಹೊಸ ಹೆಸರಿನಲ್ಲಿರುವುದು ಶಾಂತವ್ವೆಯಲ್ಲ, ಶಾಂತಿ. ಹೆಣ್ಣೊಬ್ಬಳ ಅಂಕಿತನಾಮ ಭಾವನಾಮವಾಗಿ ಕರಗಿಹೋಗಿದೆ, ನೊರೆಯಾಗದೆ ಗಾಳಿಯಾದವಳ ಹಾಗೆ. ಚನ್ನಗಿರಿಗೆ ಆ ಹೆಸರು ಬಂದುದು ಕೆಳದಿಯ ರಾಣಿ ಚೆನ್ನಮ್ಮಾಜಿಯಿಂದ ಎಂದು ಹೇಳುತ್ತಾರೆ. ರಾಣಿಯ ಹೆಸರು ಅಲ್ಲಿ ಹೆಸರಾಗಿಯೇ ಉಳಿದಿದೆ, ಶಾಂತವ್ವೆಗೆ ಅಷ್ಟೂ ದಕ್ಕಲಿಲ್ಲ. ಎರಡನೆಯ ತೊಡಕು ಹೆಚ್ಚು ಕಠಿನವಾದುದು. ಕರಾರಿನ ಪಾಠವನ್ನು ನಂಬುವುದಾದರೆ, ಹೆಸರನ್ನು ಬದಲಾಯಿಸಿದಾಗ ಆ ಹೆಂಗಸರಿಗೆ ಕೊಟ್ಟ ಮಾತು ಮುರಿಯುತ್ತದೆ. ಅವರು ಕೇಳಿದುದು ಹಣವನ್ನಲ್ಲ, ಬದಲಿ ನೆಲವನ್ನಲ್ಲ, ಒಂದು ಹೆಸರನ್ನು. ಮುಳುಗಿದ ಮನೆಗಳಿಗೆ ಸಂದ ಪರಿಹಾರ ಅದೊಂದೇ. ಒಬ್ಬಳಿಗೆ ಕಳೆದುಹೋದುದನ್ನು ಮರಳಿಸುವಾಗ ಇನ್ನೊಬ್ಬಳ ಕೈಯಿಂದ ಕಿತ್ತುಕೊಳ್ಳುತ್ತೇವೆಯೆ ಎಂಬ ಪ್ರಶ್ನೆ ಹೆನಿಂಗ್ ಅವರ ಕಾದಂಬರಿಗೂ ಸೂಳೆಕೆರೆಗೂ ಸಮಾನ.

ಕಡಲಿನ ಕಥೆಗೂ ಕೆರೆಯ ಕಥೆಗೂ ನಡುವೆ ದಿಕ್ಕಿನ ಒಂದು ವ್ಯತ್ಯಾಸವುಂಟು. ಇದನ್ನು ಮರೆತ ಪುನಃಕಥನ ಕನ್ನಡದಲ್ಲಿ ಬೇರು ಬಿಡಲಾರದು. ಆಂಡರ್ಸನ್ನನ ಹುಡುಗಿ ನೀರನ್ನು ಬಿಟ್ಟು ನೆಲಕ್ಕೆ ಬರುತ್ತಾಳೆ. ಅವಳಿಗೆ ನೀರು ತೌರುಮನೆ. ನಮ್ಮ ಹುಡುಗಿಯರು ನೆಲವನ್ನು ಬಿಟ್ಟು ನೀರಿಗೆ ಹೋಗುತ್ತಾರೆ, ಅದೂ ಇನ್ನೂ ಬಾರದ ನೀರಿಗೆ. ‘ಕೆರೆಗೆ ಹಾರ’ವೆಂಬ ಕಥನಗೀತೆಯನ್ನು ಬಲ್ಲ ಕನ್ನಡಿಗರು ಬಹು ಮಂದಿ. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಯಲ್ಲಿ ಒಂದು ಹನಿ ನೀರಿಲ್ಲ; ಕಿರಿಯ ಸೊಸೆ ಭಾಗೀರಥಿಯನ್ನು ಕೊಡಬೇಕೆಂದು ಗೊತ್ತಾಗುತ್ತದೆ. ಅವಳು ಮೂಕಳಲ್ಲ. ತೌರಿಗೆ ಹೋಗುತ್ತಾಳೆ, ತಂದೆತಾಯಿಗಳ ಮುಂದೆ, ಅತ್ತೆಯ ಮನೆಯವರು ತನ್ನನ್ನು ಬೇರೆ ಇಡುತ್ತಾರಂತೆ ಎಂದಷ್ಟೇ ಹೇಳಿ ಕಣ್ಣೀರಿಡುತ್ತಾಳೆ. ಹೊಲ ಕೊಡುತ್ತೇನೆ, ಒಡವೆ ಕೊಡುತ್ತೇನೆ ಎಂದು ಅವರು ಸಂತೈಸುತ್ತಾರೆ. ನಿಜವನ್ನು ತಿಳಿಸುವುದು ಗೆಳತಿಯೊಬ್ಬಳಿಗೆ. ಅವಳೂ ಇಟ್ಟಂತೆ ಇರಬೇಕೆನ್ನುತ್ತಾಳೆ. ನಾಲಗೆ ಇದ್ದೂ ಆಡಲಾಗದ ಸ್ಥಿತಿಗೆ ಮಾಟಗಾತಿ ಬೇಕಾಗಲಿಲ್ಲ. ಹೊನ್ನಾಳಿಯ ಗಡಿಯಾಚೆ ಮಾಸೂರಿನ ಮದಗದ ಕೆರೆಯಲ್ಲಿಯೂ ಕೆಂಚಮ್ಮನೆಂಬ ಹೆಣ್ಣಿನ ಬಲಿಯ ಕಥೆಯಿದೆ. ಇವರ ಪಕ್ಕದಲ್ಲಿ ಶಾಂತವ್ವೆ ವಿಶಿಷ್ಟಳಾಗಿ ಕಾಣುತ್ತಾಳೆ. ಭಾಗೀರಥಿಯನ್ನು ಕೆರೆಗೆ ಕೊಟ್ಟರು. ಶಾಂತವ್ವೆ ಕೆರೆಯನ್ನು ತಾನು ಕಟ್ಟಿಸಿದಳು. ತಂದೆಯ ಊರನ್ನೇ ನೀರಿನ ಕೆಳಗೆ ಇಳಿಸಿದ ಮಗಳು ಅವಳು. ಇದು ಪ್ರಾಯಶ್ಚಿತ್ತವೆಂದು ಗೆಜೆಟಿಯರು ಹೇಳಿದರೂ, ಅದರಲ್ಲಿ ಸೇಡಿನ ಎಳೆಯೊಂದು ಇಲ್ಲವೆಂದು ಹೇಳುವುದು ಕಷ್ಟ. ಮತ್ಸ್ಯಕನ್ಯೆಯ ತಂದೆಯ ಅರಮನೆ ಮೊದಲಿನಿಂದಲೂ ನೀರಿನ ತಳದಲ್ಲಿತ್ತು. ಶಾಂತವ್ವೆಯ ತಂದೆಯ ಅರಮನೆ ಅಲ್ಲಿಗೆ ಹೋದುದು ಮಗಳ ಕೈಯಿಂದ. ಹದಿನಾರು ವರ್ಷದ ವಾಚಕಿಯೊಬ್ಬಳು ಈ ಚಿತ್ರವನ್ನು ಬೇಗ ಮರೆಯಲಾರಳು.

ಒಂದೇ ಜಿಲ್ಲೆಯೊಳಗೆ ನೀರು ಎಷ್ಟು ಬಗೆಯಾಗಿದೆ ಎಂಬುದನ್ನೂ ಇಲ್ಲಿ ಹೇಳಬೇಕು. 1997ರಲ್ಲಿ ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿಗಳನ್ನೂ ಚಿತ್ರದುರ್ಗದಿಂದ ಜಗಳೂರು ಮೊದಲಾದುವನ್ನೂ ಕೂಡಿಸಿ ಈ ಜಿಲ್ಲೆಯನ್ನು ಮಾಡಿದರು. ಹೊನ್ನಾಳಿಯಿಂದ ನ್ಯಾಮತಿ ಆಮೇಲೆ ಬೇರೆ ತಾಲ್ಲೂಕಾಯಿತು. ಹೊನ್ನಾಳಿಯ ಮಕ್ಕಳಿಗೆ ನೀರೆಂದರೆ ಮಳೆಗಾಲದಲ್ಲಿ ತಗ್ಗಿನ ಬೀದಿಗಳಿಗೆ ನುಗ್ಗುವ ಹೊಳೆ. ಚನ್ನಗಿರಿಯ ಮಕ್ಕಳಿಗೆ ಅದು ಕಟ್ಟಿ ನಿಲ್ಲಿಸಿದ ಕೆರೆ, ಸಂತೆಬೆನ್ನೂರಿನ ಪುಷ್ಕರಣಿ, ಅದರ ನಡುವೆ ನೀರಿನಿಂದ ಎದ್ದು ನಿಂತ ಮಂಟಪ. ಜಗಳೂರಿನ ಮಕ್ಕಳಿಗೆ ಅದು ಬಹಳ ಕಾಲ ಬರಿಯ ನಿರೀಕ್ಷೆಯಾಗಿತ್ತು. ತುಂಗಭದ್ರೆಯಿಂದ ನೀರನ್ನು ಎತ್ತಿ ಆ ತಾಲ್ಲೂಕಿನ 57 ಕೆರೆಗಳನ್ನು ತುಂಬಿಸುವ ಯೋಜನೆ ಬಂದುದು ಈಚೆಗೆ. ಕೊಳವೆಯಲ್ಲಿ ಬರುವ ನೀರು ಯಾವ ಸೊಸೆಯನ್ನೂ ಕೇಳುವುದಿಲ್ಲ. ಅಷ್ಟರಮಟ್ಟಿಗೆ ಕಾಲ ಒಳ್ಳೆಯದಾಗಿದೆ. ಆದರೂ ಕೆರೆ ತುಂಬಿ ಕೋಡಿ ಬಿದ್ದಾಗ ಇಂದಿಗೂ ಬಾಗಿನವನ್ನು ಕೊಡುತ್ತಾರೆ. ಮೊರದಲ್ಲಿಟ್ಟು ನೀರಿಗೆ ಬಿಡುವುದು ಅರಿಸಿನ, ಕುಂಕುಮ, ಬಳೆ, ಬಿಚ್ಚೋಲೆ, ಕನ್ನಡಿ, ರವಿಕೆಯ ಕಣ. ಕೆರೆಯ ತಳದಲ್ಲಿ ಒಬ್ಬ ಹೆಣ್ಣುಮಗಳಿದ್ದಾಳೆಂದು ನಂಬದವರು ಬಳೆಯನ್ನು ಯಾರಿಗೆ ಕೊಡುತ್ತಾರೆ? ಪುನಃಕಥನಕಾರನಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಬೇಕಿಲ್ಲ.

ಸೂಳೆ ಎಂಬ ಮಾತಿನ ಬಗ್ಗೆ ಇನ್ನೊಂದು ಸಂಗತಿಯಿದೆ. ಹರೆಯದವರ ಪುಸ್ತಕದಲ್ಲಿ ಆ ಮಾತು ಬರಬಾರದೆಂದು ಪ್ರಕಾಶಕರೂ ಉಪಾಧ್ಯಾಯರೂ ಹೇಳುವರೆಂಬುದನ್ನು ಊಹಿಸಬಹುದು. ಆದರೆ ಶಾಸನಗಳ ಕಾಲದಲ್ಲಿ ಅದು ಇಂದಿನ ಬೈಗುಳಾಗಿರಲಿಲ್ಲ. ದೇವಾಲಯದ ಪರಿವಾರವನ್ನು ಎಣಿಸುವಾಗ ಉಳಿದವರೊಡನೆ ಸೂಳೆಯರನ್ನೂ ಸಂಕೋಚವಿಲ್ಲದೆ ಎಣಿಸಿದ್ದಾರೆ. ಐತಿಹ್ಯ ಈ ಕೆರೆಗೆ ಹೇಳುವ ಹನ್ನೆರಡನೆಯ ಶತಮಾನದಲ್ಲಿಯೇ ಸೂಳೆ ಸಂಕವ್ವೆಯೆಂಬ ವಚನಕಾರ್ತಿ ಇದ್ದಳು. ಅವಳ ಒಂದೇ ಒಂದು ವಚನ ಉಳಿದುಬಂದಿದೆ. ಅದರಲ್ಲಿ ಅವಳು ತನ್ನ ವೃತ್ತಿಯ ಮಾತಿನಲ್ಲಿಯೇ ವ್ರತನಿಷ್ಠೆಯನ್ನು ಹೇಳುತ್ತಾಳೆ: ಒಬ್ಬನಿಂದ ಒತ್ತೆಯನ್ನು ಹಿಡಿದ ಮೇಲೆ ಇನ್ನೊಬ್ಬನದನ್ನು ಹಿಡಿಯುವುದಿಲ್ಲವೆಂದು. ಅವಳ ಅಂಕಿತ ನಿರ್ಲಜ್ಜೇಶ್ವರ. ಹೆಸರಿನ ಮೊದಲಿಗೆ ಅಂಟಿದ ಮಾತನ್ನು ಅವಳು ಕಿತ್ತುಹಾಕಲಿಲ್ಲ; ಲಜ್ಜೆಯನ್ನು ತೊರೆದ ದೇವರನ್ನೇ ತನ್ನ ದೇವರೆಂದು ಆರಿಸಿಕೊಂಡಳು.

ಸೂಳೆಕೆರೆಯ ಕಥೆಯಲ್ಲಿ ಅರಸನಿಗೆ ಹೆಸರಿದೆ, ಊರಿಗೆ ಹೆಸರಿದೆ, ಪ್ರಿಯನಿಗೆ ಹೆಸರಿದೆ, ಎರಡು ತೂಬುಗಳಿಗೂ ಹೆಸರಿದೆ. ನೆಲವನ್ನು ಬಿಟ್ಟುಕೊಟ್ಟ ಹೆಂಗಸರಲ್ಲಿ ಒಬ್ಬಳ ಹೆಸರನ್ನೂ ಯಾವ ಪಾಠವೂ ಹೇಳುವುದಿಲ್ಲ. ಶಾಂತವ್ವೆ ಅವರ ಕೇರಿಗೆ ಹೋಗಿ ನೆಲವನ್ನು ಕೇಳಿದ ಆ ಸಂಜೆ ಕದವನ್ನು ತೆರೆದವಳು ಯಾರು, ಕರಾರನ್ನು ಮೊದಲು ಬಾಯಿಬಿಟ್ಟು ಹೇಳಿದವಳು ಯಾರು, ಅದನ್ನು ಕೇಳಿ ಅರಸನ ಮಗಳು ಎಷ್ಟು ಹೊತ್ತು ಸುಮ್ಮನಿದ್ದಳು? ಆಂಡರ್ಸನ್ನನು ಮಾಟಗಾತಿಯ ಮನೆಯಲ್ಲಿ ನಡೆದ ಮಾತುಕತೆಯನ್ನು ಸಾವಧಾನವಾಗಿ ಬರೆದಿದ್ದಾನೆ. ನಮ್ಮ ಕೆರೆಯ ಕಥೆಯಲ್ಲಿ ಆ ಭಾಗ ಇನ್ನೂ ಬರೆಯಲ್ಪಟ್ಟಿಲ್ಲ.